ಬ್ರಿಗೇಡಿಯರ್ ಸಾಹೇಬರ ಪಿಂಚಣಿ

ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟುವರ್ಟ್ ಅವರು ಸೇನೆಯಿಂದ ನಿವೃತ್ತರಾದದ್ದು ಯಾವ ಇಸವಿಯಲ್ಲಿ? 1976 ಎನ್ನುತ್ತದೆ ಒಂದು ಪಕ್ಷ. ಎಲ್ಲಾದರೂ ಉಂಟೆ, 1980ರಲ್ಲೂ ಅವರು ಮೀಸೆಯ ಮೇಲೆ ಬೆರಳಾಡಿಸುತ್ತ ಸೇವೆಯಲ್ಲೇ ಇದ್ದರು ಎನ್ನುತ್ತದೆ ಇನ್ನೊಂದು ಪಕ್ಷ. ಎರಡೂ ಪಕ್ಷದವರ ಹತ್ತಿರ ಸಾಕ್ಷ್ಯವಿದೆ. ನಲವತ್ತು ವರ್ಷ ದಾಟಿರುವ ಈ ವ್ಯಾಜ್ಯದಲ್ಲಿ ತೊಡಕು ಒಂದೇ: ಬ್ರಿಗೇಡಿಯರ್ ಸಾಹೇಬರು ಈ ಭೂಮಿಯ ಮೇಲೆ ಹುಟ್ಟಿದವರೇ ಅಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯಲ್ಲಿ ನಿಕೊಲಸ್ ಕೋರ್ಟ್ನಿ ಎಂಬ ನಟ ಹಾಕಿದ ವೇಷ ಅದು.

ಸಾಕ್ಷ್ಯ ಏನು ಅಂತೀರಾ? 1975ರ ‘ಪಿರಮಿಡ್ಸ್ ಆಫ್ ಮಾರ್ಸ್’ ಕಥೆಯಲ್ಲಿ ಸಾರಾ ಜೇನ್ ಎಂಬ ಪತ್ರಕರ್ತೆ ತಾನು 1980ರವಳು ಎನ್ನುತ್ತಾಳೆ. ಅವಳು ಬ್ರಿಗೇಡಿಯರ್ ಜೊತೆ ಓಡಾಡಿದವಳು. ಅಂದಮೇಲೆ ಆಗ ಅವರು ಸಮವಸ್ತ್ರದಲ್ಲಿ ಇರಲೇಬೇಕು. ಒಪ್ಪೋಣ. ಆದರೆ 1983ರ ‘ಮಾಡ್ರಿನ್ ಅನ್‌ಡೆಡ್’ ಕಥೆಯಲ್ಲಿ ಇದೇ ಬ್ರಿಗೇಡಿಯರ್ 1977ರಲ್ಲಿ ಗಂಡುಹುಡುಗರ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾರೆ. ಸೇನೆ ಬಿಟ್ಟು ಒಂದು ವರ್ಷವಾಗಿದೆ. ಪಾಠ ಮಾಡುವ ವಿಷಯ ಗಣಿತ. ತಮ್ಮ ಸರ್ವಿಸಿನ ಲೆಕ್ಕವೇ ಕೂಡಿಬರದ ಮನುಷ್ಯನಿಗೆ ಗಣಿತದ ಮೇಷ್ಟರ ಕೆಲಸ ಕೊಟ್ಟವರು ಯಾರೋ! ಅಸಲು ಕಾರಣ ಸರಳ. ಮೊದಲು ಬರೆದವರು ಬ್ರಿಗೇಡಿಯರ್ ಸಾಹೇಬರ ಸೇನಾ ತುಕಡಿಯ ಕಥೆಗಳನ್ನು ಸ್ವಲ್ಪ ಮುಂದಿನ ಕಾಲದಲ್ಲಿ ನಡೆಯುವಂತೆ ಕಲ್ಪಿಸಿದ್ದರು. ಆಮೇಲೆ ಬಂದವರಿಗೆ ಅದು ನೆನಪಿರಲಿಲ್ಲ. ಆದರೆ ಅಭಿಮಾನಿಗಳ ಮುಂದೆ ಹೀಗೆ ಸರಳವಾದ ಕಾರಣ ಹೇಳಿ ನೋಡಿ, ನಿಮ್ಮನ್ನು ಮನುಷ್ಯರೆಂದೇ ಗಣಿಸುವುದಿಲ್ಲ. 2008ರಲ್ಲಿ ಸ್ವತಃ ಡಾಕ್ಟರ್ ಬಾಯಲ್ಲೇ, ತಾನು ಆ ತುಕಡಿಯ ಜೊತೆ ಕೆಲಸ ಮಾಡಿದ್ದು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಎಂಬ ಮಾತು ಹಾಕಿದರು. ಜಗಳ ನಿಲ್ಲಿಸಲು ಹಾಕಿದ ತಮಾಷೆ ಅದು. ಅದನ್ನೇ ಸಾಕ್ಷ್ಯವೆಂದು ಇಬ್ಬರೂ ತಮ್ಮ ತಮ್ಮ ಕಡತಕ್ಕೆ ಸೇರಿಸಿಕೊಂಡರು.

ಈ ಧಾರಾವಾಹಿಯನ್ನು ನೋಡದವರಿಗಾಗಿ ಎರಡು ಮಾತು. ಡಾಕ್ಟರ್ ಎಂಬುವನು ಬೇರೆ ಗ್ರಹದವನು. ಎರಡು ಹೃದಯ ಇರುವವನು. ನೀಲಿ ಬಣ್ಣದ ಪೊಲೀಸ್ ಡಬ್ಬಿಯ ಆಕಾರದ ವಾಹನದಲ್ಲಿ ಕಾಲ-ದೇಶಗಳನ್ನು ಸುತ್ತುವವನು. ಆ ಡಬ್ಬಿ ಹೊರಗಿಂದ ನೋಡಿದರೆ ಇಬ್ಬರು ನಿಲ್ಲುವಷ್ಟು, ಒಳಗೆ ಹೋದರೆ ಮದುವೆ ಛತ್ರದಷ್ಟು. ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿ ಹತ್ಯೆಯಾಗಿತ್ತು. ಇಂಥ ದಿನ ನೀಲಿ ಡಬ್ಬಿ ನೋಡುವವರು ಎಷ್ಟು ಜನ? ಹಾಗಾಗಿ ಮುಂದಿನ ವಾರ ಮೊದಲ ಕಂತನ್ನು ಇನ್ನೊಮ್ಮೆ ತೋರಿಸಿಯೇ ಎರಡನೆಯದಕ್ಕೆ ಹೋದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕನಿಗೆ ಇನ್ನೂ 25 ತುಂಬಿರಲಿಲ್ಲ. ಅವರ ಹೆಸರು ವಾರಿಸ್ ಹುಸೇನ್, ಹುಟ್ಟಿದ್ದು ಲಖನೌದಲ್ಲಿ, ಲೇಖಕಿ ಅತಿಯಾ ಹುಸೇನರ ಮಗ. ಇಂಗ್ಲಿಷರ ಶನಿವಾರದ ಸಂಜೆಯನ್ನು ಆಳಿದ ಧಾರಾವಾಹಿಗೆ ಮೊದಲು ‘ಆ್ಯಕ್ಷನ್’ ಹೇಳಿದವರು ನಮ್ಮ ಕಡೆಯವರು ಎಂಬ ಹೆಮ್ಮೆಯನ್ನು ನಾನು ಸಂದರ್ಭ ಇರಲಿ ಇಲ್ಲದಿರಲಿ ಹೇಳಿಕೊಳ್ಳುತ್ತೇನೆ. 2013ರಲ್ಲಿ ಈ ಹುಟ್ಟಿನ ಕಥೆಯನ್ನೇ ಒಂದು ನಾಟಕ ಮಾಡಿದಾಗ ವಾರಿಸ್ ಪಾತ್ರ ವಹಿಸಿದ್ದು ಸಚಾ ಧವನ್. ಮುಂದೆ 2020ರಲ್ಲಿ ಅವರೇ ಡಾಕ್ಟರನ ಪರಮವೈರಿ ‘ಮಾಸ್ಟರ್’ ಆದರು.

ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೆಟ್ಟಾಗ 1966ರಲ್ಲಿ ಒಂದು ಉಪಾಯ ಹೊಳೆಯಿತು. ಡಾಕ್ಟರ್ ಸಾಯುವುದಿಲ್ಲ, ಮೈ ಬದಲಿಸುತ್ತಾನೆ. ನಟ ಬೇರೆ, ಪಾತ್ರ ಅದೇ. ಹೊಸಬರು ಪ್ಯಾಟ್ರಿಕ್ ಟ್ರೌಟನ್. ಇದು ಇಂಗ್ಲಿಷರಿಗೆ ವಿಚಿತ್ರ ಅನ್ನಿಸಿರಬಹುದು. ಕರಾವಳಿಯಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲೇನೂ ವಿಶೇಷವಿಲ್ಲ. ನಿನ್ನೆ ರಾತ್ರಿಯ ಕೌರವ ದಪ್ಪಗಿದ್ದ, ಇವತ್ತಿನವನು ಸಣಕಲ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ಕೇಳುವ ಪ್ರಶ್ನೆ ಬೇರೆಯೇ: ಯಾರ ಕೌರವ ಕೌರವ? ‘ಡಾಕ್ಟರ್ ಹೂ’ ಅಭಿಮಾನಿಗಳು ಅರವತ್ತು ವರ್ಷದಿಂದ ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ, ಗೋಳಿಬಜೆ ಇಲ್ಲದೆ.

ನನಗೆ ಈ ಲೋಕದ ದಾರಿ ತೋರಿಸಿದವರು ನನ್ನ ಷಡ್ಡಕರು. ಕುಂದಾಪುರದ ಕಡೆಯವರು, ಬರ್ಮಿಂಗ್‌ಹ್ಯಾಮಿನಲ್ಲಿ ಮೂಳೆ ಡಾಕ್ಟರು. ವಿದೇಶದಿಂದ ಬರುವ ನೆಂಟರು ಚಾಕೊಲೇಟ್ ತರುತ್ತಾರೆ, ಸೆಂಟು ತರುತ್ತಾರೆ. ಇವರು ಒಮ್ಮೆ ಸೂಟ್‌ಕೇಸಿನ ಅರ್ಧ ಭಾಗ ‘ಡಾಕ್ಟರ್ ಹೂ ಮ್ಯಾಗಜೀನ್’ ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳನ್ನೇ ತುಂಬಿಕೊಂಡು ಬಂದರು. ಅಕ್ಕ, ಅಂದರೆ ನನ್ನ ಹೆಂಡತಿಯ ಅಕ್ಕ, ಆ ದಿನ ಅವರ ಜೊತೆ ಮಾತಾಡಲಿಲ್ಲ. ಆಕೆಯ ಮಟ್ಟಿಗೆ ಅದು ರದ್ದಿ ಕಾಗದಕ್ಕೆ ವಿಮಾನದ ಟಿಕೆಟ್ಟು ಕೊಡಿಸಿದಂತೆ.

“ಅಲ್ಲ ಭಾವ, ಈ ನಿಮ್ಮ ಡಾಕ್ಟರ್ ಓದಿದ್ದೆಲ್ಲಿ? ಒಂದು ದಿನವಾದರೂ ಯಾರದಾದರೂ ನಾಡಿ ಹಿಡಿದದ್ದು ಕಾಣೆನಲ್ಲ” ಎಂದು ಕೆಣಕಿದೆ.

“ಎಂತ ಮಾರಾಯ, 1967ರ ‘ಮೂನ್‌ಬೇಸ್’ ಕಥೆಯಲ್ಲಿ ಹೇಳಿದ್ದಾನಲ್ಲ. ಗ್ಲಾಸ್ಗೋದಲ್ಲಿ, 1888ರಲ್ಲಿ, ಲಿಸ್ಟರ್ ಕೈಕೆಳಗೆ ಓದಿದ ನೆನಪು ಅಂತ.”

ಹೇಳಿದವರೇ ಎರಡು ನಿಮಿಷ ಸುಮ್ಮನಿದ್ದು ಆಮೇಲೆ ಗೊಣಗಿಕೊಂಡರು. ಜೋಸೆಫ್ ಲಿಸ್ಟರ್ ಎಂದರೆ ಶಸ್ತ್ರಚಿಕಿತ್ಸೆಗೆ ನಂಜುನಿವಾರಕ ಔಷಧಿ ತಂದ ಮಹಾನುಭಾವ. ಆತ 1869ರಲ್ಲೇ ಗ್ಲಾಸ್ಗೋ ಬಿಟ್ಟು ಎಡಿನ್‌ಬರೋಗೆ ಹೋದ, 1877ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದ. 1888ರಲ್ಲಿ ಗ್ಲಾಸ್ಗೋದಲ್ಲಿ ಅವನ ಕೈಕೆಳಗೆ ಓದಲು ಯಾರಿಗೂ ಸಾಧ್ಯವಿಲ್ಲ. ಹಾಗಾದರೆ ಡಾಕ್ಟರ್ ಸರ್ಟಿಫಿಕೇಟು ಖೋಟಾ ಅಂತಾಯಿತಲ್ಲ ಎಂದೆ. “ನೆನಪು ಅಂದ ಮಾರಾಯ, ಖಂಡಿತ ಅನ್ನಲಿಲ್ಲ” ಎಂದು ತಕ್ಷಣ ವಕಾಲತ್ತಿಗೆ ನಿಂತರು. ಅಭಿಮಾನಿಯ ಲಕ್ಷಣವೇ ಇದು. ತಪ್ಪನ್ನು ಅವನೇ ಹುಡುಕಬೇಕು, ಸಮಜಾಯಿಷಿಯನ್ನೂ ಅವನೇ ಕೊಡಬೇಕು. ನಡುವೆ ಹೊರಗಿನವರು ಬಾಯಿಹಾಕಬಾರದು.

ಆ ಪತ್ರಿಕೆಯ ವಿಷಯಕ್ಕೆ ಬರುತ್ತೇನೆ. 1979ರ ಅಕ್ಟೋಬರಿನಲ್ಲಿ ಮಾರ್ವೆಲ್ ಕಂಪನಿಯ ಬ್ರಿಟಿಷ್ ಶಾಖೆ ‘ಡಾಕ್ಟರ್ ಹೂ ವೀಕ್ಲಿ’ ಎಂದು ಇದನ್ನು ಶುರುಮಾಡಿತು. ಸಂಪಾದಕರು ಡೆಜ್ ಸ್ಕಿನ್. ಬೆಲೆ 12 ಪೆನ್ಸ್. ಮುಖಪುಟದಲ್ಲಿ ಉದ್ದ ಮಫ್ಲರಿನ ಆಗಿನ ಡಾಕ್ಟರ್ ಟಾಮ್ ಬೇಕರ್, ಜೊತೆಗೆ ಉಜ್ಜಿ ಅಂಟಿಸುವ ಚಿತ್ರಗಳು ಉಚಿತ. (ಆ ಮಫ್ಲರಿನ ಕಥೆ ಗೊತ್ತೇ? ಹೆಣೆಯಲು ಉಣ್ಣೆ ಕೊಟ್ಟರೆ ಬಿಗೋನಿಯಾ ಪೋಪ್ ಎಂಬಾಕೆ ಕೊಟ್ಟಷ್ಟನ್ನೂ ಹೆಣೆದುಬಿಟ್ಟರು. ಎಷ್ಟು ಬೇಕೆಂದು ಯಾರೂ ಹೇಳಿರಲಿಲ್ಲ.) ಪ್ಯಾಟ್ ಮಿಲ್ಸ್ ಮತ್ತು ಜಾನ್ ವ್ಯಾಗ್ನರ್ ಬರೆದ ಚಿತ್ರಕಥೆಗೆ ಡೇವ್ ಗಿಬನ್ಸ್ ರೇಖೆ. ಮುಂದೆ ‘ವಾಚ್‌ಮೆನ್’ ಎಂಬ ಕಾಮಿಕ್ಸ್ ಮಾಡಿ ಜಗತ್ಪ್ರಸಿದ್ಧರಾದ ಗಿಬನ್ಸ್, ಅಲನ್ ಮೂರ್ ಇಬ್ಬರೂ ಇಲ್ಲಿ ಮಕ್ಕಳಿಗಾಗಿ ದುಡಿದವರು. ಮರುವರ್ಷವೇ ವಾರಪತ್ರಿಕೆ ಮಾಸಿಕವಾಯಿತು. ಹೆಸರು ಹಲವು ಸಲ ಬದಲಾಯಿತು. 1995ರಲ್ಲಿ ಅದು ಸ್ಟಿಕರ್‌ಗಳಿಗೆ ಹೆಸರಾದ ಇಟಲಿಯ ಪಾನಿನಿ ಕಂಪನಿಯ ಪಾಲಾಯಿತು. ಓದುಗರ ಸ್ವಭಾವ ನೋಡಿದರೆ ವ್ಯಾಕರಣದ ಪಾಣಿನಿಯ ಕೈಗೆ ಹೋಗಿದ್ದರೂ ತಪ್ಪಿರಲಿಲ್ಲ.

ಯಾಕೆಂದರೆ ಅಂಟಿಸುವ ಚಿತ್ರಕ್ಕಾಗಿ ಕೊಂಡ ಹುಡುಗರು ಬೆಳೆದರು, ಅವರ ಜೊತೆ ಪತ್ರಿಕೆಯೂ ಬೆಳೆಯಿತು. ಆಂಡ್ರ್ಯೂ ಪಿಕ್ಸ್ಲಿ ಎಂಬ ಸಂಶೋಧಕರು ಬಿಬಿಸಿಯ ಹಳೆಯ ಕಡತಗಳನ್ನು ಜಾಲಾಡಿ, ಯಾವ ದೃಶ್ಯ ಯಾವ ತಾರೀಖು ಎಲ್ಲಿ ಚಿತ್ರಣವಾಯಿತು ಎಂಬುದನ್ನೆಲ್ಲ ಶಾಸನತಜ್ಞರ ಶ್ರದ್ಧೆಯಲ್ಲಿ ಬರೆಯತೊಡಗಿದರು. ಅಲ್ಲಿಂದ ಹುಟ್ಟಿದ ಒಂದು ಜಗಳ ನನಗೆ ಬಹಳ ಪ್ರಿಯ: ಮೊಟ್ಟಮೊದಲ ಕಥೆಯ ಹೆಸರೇನು? 1966ರವರೆಗೆ ತೆರೆಯ ಮೇಲೆ ಪ್ರತಿ ಕಂತಿಗೂ ಬೇರೆ ಬೇರೆ ಶೀರ್ಷಿಕೆ ಇರುತ್ತಿತ್ತು, ಇಡೀ ಕಥೆಗೆ ಒಂದು ಹೆಸರು ಇರುತ್ತಿರಲಿಲ್ಲ. ಹಾಗಾಗಿ ಮೊದಲ ನಾಲ್ಕು ಕಂತುಗಳ ಕಥೆಯನ್ನು ಜನ ಮೊದಲ ಕಂತಿನ ಹೆಸರಿನಿಂದ ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’ ಎಂದು ಕರೆದರು. ಕಡತ ನೋಡಿದವರು ‘1,00,000 ಬಿ.ಸಿ.’ ಎಂದರು. ‘ದಿ ಟ್ರೈಬ್ ಆಫ್ ಗಮ್’ ಎನ್ನುವವರೂ ಇದ್ದರು. ಪತ್ರಿಕೆ ಕಡತದ ಪಕ್ಷ ವಹಿಸಿತು. ರೂಢಿಯವರು ಸಿಡಿದೆದ್ದರು. ನನ್ನ ಮಟ್ಟಿಗೆ ಎಲ್ಲರೂ ಬಾಯಲ್ಲಿ ಹೇಳುವ ಹೆಸರೇ ಹೆಸರು. ಆದರೆ ಕಡತದವರ ಮುಖದಲ್ಲಿ ಆ ಹೆಸರು ಹೇಳುವಾಗ ಕಾಣುವ ಸಂತೋಷವನ್ನು ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ.

ಅಧಿಕೃತ ಪತ್ರಿಕೆ ಎಂದರೆ ಒಂದು ಇಕ್ಕಟ್ಟು. ಪರವಾನಗಿ ಬಿಬಿಸಿಯದು. ನಿರ್ಮಾಪಕರ ಸಂದೇಶ ಮುಂದಿನ ಪುಟದಲ್ಲಿ, ಅವರ ಕೆಲಸದ ವಿಮರ್ಶೆ ಹಿಂದಿನ ಪುಟದಲ್ಲಿ. ಹೊಗಳಿದರೆ ಭಟ್ಟಂಗಿ ಅಂತಾರೆ, ತೆಗಳಿದರೆ ಉಂಡ ಮನೆಗೆ ಎರಡು ಬಗೆದವ ಅಂತಾರೆ. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಎಂದು ಹೆಣ್ಣಿನ ಕಡೆಯವರೇ ಹೇಳುವ ಹಾಗಿಲ್ಲವಲ್ಲ. ಜಾಣ ಸಂಪಾದಕರು ಇದಕ್ಕೊಂದು ದಾರಿ ಹುಡುಕಿದರು: ತೀರ್ಪನ್ನು ಓದುಗರ ಕೈಗೇ ಕೊಟ್ಟುಬಿಡುವುದು. 2009ರಲ್ಲಿ ಅದುವರೆಗಿನ 200 ಕಥೆಗಳಿಗೂ ಅಂಕ ಹಾಕಿಸಿದರು. ಮೊದಲ ಸ್ಥಾನ ‘ದಿ ಕೇವ್ಸ್ ಆಫ್ ಆ್ಯಂಡ್ರೋಜಾನಿ’ಗೆ. ಕೊನೆಯ ಸ್ಥಾನ ‘ದಿ ಟ್ವಿನ್ ಡಿಲೆಮಾ’ಗೆ. ಇದರಲ್ಲೇನು ಎನ್ನಬೇಡಿ. ಇವೆರಡೂ 1984ರ ಮಾರ್ಚ್ ತಿಂಗಳಲ್ಲಿ ಒಂದರ ಬೆನ್ನಿಗೆ ಒಂದು ಪ್ರಸಾರವಾದ ಕಥೆಗಳು! ಮಾರ್ಚ್ 16ಕ್ಕೆ ಶಿಖರ, ಮಾರ್ಚ್ 22ಕ್ಕೆ ಪಾತಾಳ. 2014ರಲ್ಲಿ ಮತ್ತೆ ಮತ ಹಾಕಿಸಿದಾಗ ಮೊದಲ ಸ್ಥಾನ 50ನೇ ವರ್ಷದ ವಿಶೇಷ ಕಂತಿಗೆ ಹೋಯಿತು. ಕೊನೆಯ ಸ್ಥಾನ ಮಾತ್ರ ಕದಲಲಿಲ್ಲ. ಯಾವುದು ಒಳ್ಳೆಯದು ಎಂಬುದರಲ್ಲಿ ಅಭಿಮಾನಿಗಳಿಗೆ ಒಮ್ಮತ ಬರುವುದು ಕಷ್ಟ, ಯಾವುದು ಕೆಟ್ಟದ್ದು ಎಂಬುದರಲ್ಲಿ ತಕ್ಷಣ ಬರುತ್ತದೆ.

ಈ ಮತದಾನಗಳಿಗೆ ಬಹಳ ಮೊದಲೇ ಧಾರಾವಾಹಿಗೆ ಕಷ್ಟದ ದಿನಗಳೂ ಬಂದುಹೋಗಿದ್ದವು. 1985ರಲ್ಲಿ ಬಿಬಿಸಿ ಅದಕ್ಕೆ ದೀರ್ಘ ರಜೆ ಕೊಟ್ಟಾಗ ಅಭಿಮಾನಿಗಳು ನಟರನ್ನು ಸೇರಿಸಿ ‘ಡಾಕ್ಟರ್ ಇನ್ ಡಿಸ್ಟ್ರೆಸ್’ ಎಂಬ ಹಾಡಿನ ತಟ್ಟೆ ಹೊರತಂದರು. ಅದರಲ್ಲಿ ಈಗಿನ ಪ್ರಖ್ಯಾತ ಸಂಗೀತಗಾರ ಹ್ಯಾನ್ಸ್ ಜಿಮ್ಮರ್ ಕೈಯೂ ಇತ್ತು. ಆದರೂ ಹಾಡು ನೆಲ ಕಚ್ಚಿತು. ಕೇಳಿದವರಿಗೆ ಯಾಕೆಂದು ಗೊತ್ತು. ರಜೆ ಮುಗಿದು ಮತ್ತೆ ಶುರುವಾಗಿ, 1989ರ ಡಿಸೆಂಬರ್ 6ರಂದು ಕೊನೆಯ ಕಂತು ಪ್ರಸಾರವಾಗಿ, ಧಾರಾವಾಹಿ ಸದ್ದಿಲ್ಲದೆ ನಿಂತೇಹೋಯಿತು. ಆಮೇಲೆ 2005ರ ಮಾರ್ಚ್ 26ರವರೆಗೆ, 1996ರ ಒಂದು ದೂರದರ್ಶನ ಚಿತ್ರ ಬಿಟ್ಟರೆ, ಹೆಚ್ಚುಕಡಿಮೆ ಏನೂ ಇಲ್ಲ. ಪತ್ರಿಕೆ? ಅದು ನಿಲ್ಲಲಿಲ್ಲ. ನಾಲ್ಕು ವಾರಕ್ಕೊಮ್ಮೆ ಬರುತ್ತಲೇ ಇತ್ತು. ದೇವರಿಲ್ಲದ ಗುಡಿಯಲ್ಲಿ ಹದಿನೈದು ವರ್ಷ ತ್ರಿಕಾಲ ಪೂಜೆ! ಬದುಕಿದ್ದು ಹೇಗೆ ಎಂದು ಬೇರೆಯವರು ಆಶ್ಚರ್ಯಪಡುತ್ತಾರೆ. ನನಗೆ ಆಶ್ಚರ್ಯವಿಲ್ಲ. ಜಗಳ ಆಡಲು ಹೊಸ ಕಂತು ಬೇಕೇ ಬೇಕೆಂದಿಲ್ಲ, ಹಳೆಯವು ಸಾಕು. ಆ ಜಗಳವನ್ನು ಮರ್ಯಾದೆಯಿಂದ ನಡೆಸಲು ಒಂದು ಜಗಲಿ ಬೇಕು. ಪತ್ರಿಕೆ ಆ ಜಗಲಿಯಾಯಿತು.

ಜಗಲಿಯ ಯಜಮಾನರೂ ಕಮ್ಮಿಯವರಲ್ಲ. 1998ರಲ್ಲಿ ಪತ್ರಿಕೆಯ ಚಿತ್ರಕಥೆಯಲ್ಲಿ ಎಂಟನೇ ಡಾಕ್ಟರ್ ದಿಢೀರನೆ ಮೈ ಬದಲಿಸಿ ಒಂಬತ್ತನೆಯವನಾದ. ಮುಖ ನೋಡಿದರೆ ನಿಕೊಲಸ್ ಬ್ರಿಗ್ಸ್! ಅಭಿಮಾನಿಗಳೇ ತಯಾರಿಸಿದ ಧ್ವನಿನಾಟಕಗಳಲ್ಲಿ ಡಾಕ್ಟರ್ ಪಾತ್ರ ಮಾಡಿದ್ದವರು ಅವರು. ಬಿಬಿಸಿಯಲ್ಲಿ ಧಾರಾವಾಹಿಯೇ ಇಲ್ಲ, ಇವರ್‍ಯಾರು ಡಾಕ್ಟರನ್ನು ಬದಲಿಸಲು ಎಂದು ಓದುಗರಿಗೆ ರೇಗಿತು. ಕೆಲವು ಸಂಚಿಕೆ ಕುದಿಯಲು ಬಿಟ್ಟು ಆಮೇಲೆ ಗುಟ್ಟು ಬಿಚ್ಚಿದರು. ಅದು ಡಾಕ್ಟರೇ ಅಲ್ಲ, ಶೇಡ್ ಎಂಬ ಇನ್ನೊಂದು ಪಾತ್ರದ ಮಾರುವೇಷ, ಹಳೆಯ ಡಾಕ್ಟರ್ ಕ್ಷೇಮ. 2005ರಲ್ಲಿ ಧಾರಾವಾಹಿ ನಿಜಕ್ಕೂ ಮರಳಿದಾಗ ಈ ಬ್ರಿಗ್ಸ್ ಡಾಕ್ಟರ್ ಆಗಲಿಲ್ಲ, ಅವನ ವೈರಿಗಳಾದ ಡಾಲೆಕ್‌ಗಳ ಕಂಠವಾದರು. ಅದೇ ಹೊತ್ತಿನಲ್ಲಿ ಹೊಸ ನಿರ್ಮಾಪಕ ರಸೆಲ್ ಟಿ. ಡೇವಿಸ್ ಎಂಟನೆಯವನು ಒಂಬತ್ತನೆಯವನಾಗುವ ಘಟನೆಯನ್ನು ಪತ್ರಿಕೆಯ ಚಿತ್ರಕಥೆಯಲ್ಲೇ ತೋರಿಸಲು ಅವಕಾಶ ಕೊಟ್ಟರು. ಎಂಥ ಗೌರವ! ಆದರೆ ಆಮೇಲಿನ ಕಥೆಗೆ ಬಂದ ಷರತ್ತುಗಳು ಒಗ್ಗದೆ ಪತ್ರಿಕೆಯವರು ಬೇಡವೆಂದರು. ಮನೆಬಾಗಿಲಿಗೆ ಬಂದ ಪಟ್ಟಾಭಿಷೇಕವನ್ನು ಹೀಗೆ ನಿರಾಕರಿಸಲು ಎದೆ ಬೇಕು.

ಈಗ ಎಲ್ಲಕ್ಕಿಂತ ಸೊಗಸಾದ ಜಗಳ. ಅದು ಯಾರೂ ನೋಡದ ಕಂತುಗಳ ಕುರಿತದ್ದು. ಅರವತ್ತು ಎಪ್ಪತ್ತರ ದಶಕದಲ್ಲಿ ವಿಡಿಯೊ ಟೇಪು ದುಬಾರಿ. ಕಲಾವಿದರ ಸಂಘದ ಒಪ್ಪಂದದಂತೆ ಮರುಪ್ರಸಾರಕ್ಕೂ ಮಿತಿಯಿತ್ತು. ಬಣ್ಣದ ಟಿವಿ ಬಂದಮೇಲೆ ಕಪ್ಪುಬಿಳುಪನ್ನು ಕೇಳುವವರಾದರೂ ಯಾರು ಎಂದು ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಫಿಲ್ಮ್ ಪ್ರತಿಗಳನ್ನೂ ಎಸೆಯಿತು. ‘ಡಾಕ್ಟರ್ ಹೂ’ದ 90ಕ್ಕೂ ಹೆಚ್ಚು ಕಂತುಗಳು ಹೀಗೆ ಹೋದವು. ಹಾರ್ಟ್ನೆಲ್ ಟ್ರೌಟನ್ ಆಗುವ ಚರಿತ್ರಾರ್ಹ ಕಂತೂ ಅವುಗಳಲ್ಲೊಂದು. ಮೈ ಬದಲಾಗುವ ಆ ಕೆಲವು ಕ್ಷಣ ಮಾತ್ರ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಬಳಕೆಯಾಗಿದ್ದರಿಂದ ಉಳಿಯಿತು. ಆದರೆ ಕಳೆದುಹೋದ ಪ್ರತಿ ಕಂತಿನ ಧ್ವನಿಯೂ ಇಂದು ಇದೆ. ಉಳಿಸಿದ್ದು ಬಿಬಿಸಿಯಲ್ಲ. ಟಿವಿಯ ಮುಂದೆ ಟೇಪ್ ರೆಕಾರ್ಡರಿನ ಮೈಕು ಹಿಡಿದು, ಮನೆಯವರಿಗೆಲ್ಲ ಉಸಿರು ಬಿಡಬೇಡಿ ಎಂದು ಗದರಿಸಿ ಕೂತ ಹುಡುಗರು.

ಕಾಣದ ಕಂತುಗಳಿಗೂ ಅಂಕ ಬೀಳುವುದು ನಿಲ್ಲಲಿಲ್ಲ. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ 1967ರ ಕಥೆ ಕಳೆದುಹೋಗಿದ್ದಷ್ಟು ಕಾಲವೂ ಮಹಾಕೃತಿಯೆಂದು ಕೀರ್ತಿ ಪಡೆದಿತ್ತು. ಹಾಂಕಾಂಗಿನಲ್ಲಿ ಅದರ ನಾಲ್ಕೂ ಕಂತು ಸಿಕ್ಕಿ 1992ರಲ್ಲಿ ಕ್ಯಾಸೆಟ್ ಬಂತು. ನೋಡಿದ ಕೆಲವರು ಇಷ್ಟೇನಾ ಎಂದರು. ಇದಕ್ಕೆ ತದ್ವಿರುದ್ಧ ‘ದಿ ಎನಿಮಿ ಆಫ್ ದಿ ವರ್ಲ್ಡ್’. ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿತ್ತು. ಅದೋ ಏನೂ ನಡೆಯದ ಕಂತು. ಹಾಗಾಗಿ ಇಡೀ ಕಥೆಯೇ ಸಪ್ಪೆ ಎಂದು ತೀರ್ಪಾಗಿತ್ತು. 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಉಳಿದ ಐದೂ ಸಿಕ್ಕವು. ನೋಡಿದರೆ ಟ್ರೌಟನ್ ನಾಯಕನಾಗಿಯೂ ಖಳನಾಗಿಯೂ ದ್ವಿಪಾತ್ರದಲ್ಲಿ ಮಿಂಚಿದ್ದಾರೆ! ಮರುವರ್ಷದ ಮತದಾನದಲ್ಲಿ ಅದು ಎಷ್ಟೋ ಮೆಟ್ಟಿಲು ಮೇಲೆ ಹಾರಿತು. ಕಳೆದುಹೋಗುವುದು ಕೆಲವರಿಗೆ ಒಳ್ಳೆಯದು, ಕೆಲವರಿಗೆ ಸಿಗುವುದು ಒಳ್ಳೆಯದು. ನಮ್ಮ ಷಡ್ಡಕರು ಈ ಮಾತು ಒಪ್ಪುವುದಿಲ್ಲ. ‘ಟೂಂಬ್’ ಬಗ್ಗೆ ಹಗುರವಾಗಿ ಮಾತಾಡಿದರೆ ಫೋನ್ ಇಟ್ಟುಬಿಡುತ್ತಾರೆ.

ಇಂಥ ಜಗಳಗಂಟರನ್ನು ಸುಮ್ಮನಿರಿಸುವುದು ಹೇಗೆ? ಬ್ರಿಟಿಷರು ಕಂಡುಕೊಂಡ ಉಪಾಯ, ಅವರಿಗೇ ಅಧಿಕಾರ ಕೊಟ್ಟುಬಿಡುವುದು. 1974ರಲ್ಲಿ ‘ರೇಡಿಯೊ ಟೈಮ್ಸ್’ ವಾರಪತ್ರಿಕೆಯಲ್ಲಿ ‘ಡಾಕ್ಟರ್ ಹೂ’ ಕುರಿತ ಅದರ ವಿಶೇಷ ಸಂಚಿಕೆಯನ್ನು ಮೆಚ್ಚಿ ಪೀಟರ್ ಕಪಾಲ್ಡಿ ಎಂಬ ಹದಿನೈದರ ಸ್ಕಾಟಿಷ್ ಹುಡುಗ ಬರೆದ ಪತ್ರ ಪ್ರಕಟವಾಯಿತು. 2013ರಲ್ಲಿ ಆತನೇ ಹನ್ನೆರಡನೇ ಡಾಕ್ಟರ್ ಆಗಿ ಆಯ್ಕೆಯಾದ. 1986ರಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಹದಿನಾರರ ಇನ್ನೊಬ್ಬ ಹುಡುಗ, ಕಥೆ ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗಳ ಎದುರಿಗೇ, ನಿಮ್ಮ ಕಥೆ ಚೆನ್ನಾಗಿಲ್ಲ ಎಂಬರ್ಥದ ಮಾತುಗಳನ್ನು ಬಹಳ ವಿನಯದಿಂದ ಆಡಿದ. ಅವನ ಹೆಸರು ಕ್ರಿಸ್ ಚಿಬ್ನಲ್. 2018ರಲ್ಲಿ ಇಡೀ ಧಾರಾವಾಹಿಯ ಸೂತ್ರಧಾರನಾಗಿ, ಜೋಡಿ ವಿಟಕರ್ ಎಂಬ ಮೊದಲ ಮಹಿಳಾ ಡಾಕ್ಟರನ್ನು ಕರೆತಂದದ್ದು ಅವನೇ. ಆಮೇಲೆ ಅಭಿಮಾನಿಗಳು ಅವನಿಗೂ ಅದೇ ಮಾತು ಹೇಳಿದರು. ವಿನಯ ಮಾತ್ರ ಅಷ್ಟಾಗಿ ಇರಲಿಲ್ಲ.

2010ರಲ್ಲಿ ಗಿನ್ನೆಸ್ ದಾಖಲೆಯವರು, ಟಿವಿ ಸರಣಿಯೊಂದನ್ನು ಆಧರಿಸಿ ಅತಿ ದೀರ್ಘಕಾಲ ನಡೆದ ಪತ್ರಿಕೆ ಇದು ಎಂದು ಮುದ್ರೆ ಒತ್ತಿದರು. 2024ರಲ್ಲಿ 600ನೇ ಸಂಚಿಕೆ ಬಂತು. ಷಡ್ಡಕರು ಅದನ್ನು ಅಂಚೆಯಲ್ಲಿ ಕಳಿಸಿದರು. ಅಕ್ಕನಿಗೆ ತಿಳಿಸಬೇಡ ಎಂಬ ಚೀಟಿಯೂ ಜೊತೆಗಿತ್ತು.

ನನ್ನ ಮತ ಮಾತ್ರ ‘ದಿ ಎನಿಮಿ ಆಫ್ ದಿ ವರ್ಲ್ಡ್’ಗೇ. ‘ಟೂಂಬ್’ ಅದರ ಮುಂದೆ ಏನೇನೂ ಅಲ್ಲ. ಒಪ್ಪದವರು ದಯವಿಟ್ಟು ಸಂಪಾದಕರಿಗೆ ಪತ್ರ ಬರೆಯಿರಿ. ಹಾಳೆಯ ಒಂದೇ ಮಗ್ಗುಲಲ್ಲಿ, ಚುಟುಕಾಗಿ, ಪೂರ್ಣ ವಿಳಾಸದೊಂದಿಗೆ.